ಮಗಹರಕ್ಕೆ ಹೋಗದ ನಮ್ಮ ಪ್ರವಾಸ ಸಾಹಿತ್ಯ

ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಬಡವಾಗಿದೆಯೆಂದು ಯಾರೂ ಹೇಳುವಂತಿಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಾಕಿಕೊಟ್ಟ ದಾರಿಯಲ್ಲಿ ನಮ್ಮ ದೊಡ್ಡ ಲೇಖಕರೆಲ್ಲ ಒಂದಲ್ಲ ಒಂದು ಸಲ ನಡೆದಿದ್ದಾರೆ. ಕಾರಂತರ ‘ಅಪೂರ್ವ ಪಶ್ಚಿಮ’, ಗೋಕಾಕರ ‘ಸಮುದ್ರದಾಚೆಯಿಂದ’, ಜಿ. ಎಸ್. ಶಿವರುದ್ರಪ್ಪನವರ ‘ಗಂಗೆಯ ಶಿಖರಗಳಲ್ಲಿ’ — ಇವುಗಳನ್ನು ಓದದೆ ಬೆಳೆದ ಕನ್ನಡ ವಿದ್ಯಾರ್ಥಿ ಅಪರೂಪ. ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೇ ಬಂದಿತು. ಕಾದಂಬರಿಗೂ ಕವಿತೆಗೂ ಸಲ್ಲುವ ಮನ್ನಣೆ ಪ್ರವಾಸ ಕಥನಕ್ಕೂ ಸಂದ ಭಾಷೆ ನಮ್ಮದು.

ಆದರೂ ಈ ಪುಸ್ತಕಗಳ ಸಾಲನ್ನು ಮುಂದಿಟ್ಟುಕೊಂಡು ಒಂದು ಭೂಪಟ ಬರೆಯಲು ಕುಳಿತರೆ ವಿಚಿತ್ರವೊಂದು ಕಾಣುತ್ತದೆ. ಲಂಡನ್ನು, ಮಾಸ್ಕೋ, ನ್ಯೂಯಾರ್ಕು ಈ ಪಟದಲ್ಲಿ ಢಾಳಾಗಿವೆ. ಹಿಮಾಲಯ ಎದ್ದು ನಿಂತಿದೆ. ಕಾಶಿ, ಪ್ರಯಾಗ, ಗಯೆಗಳು ಇವೆ. ದೆಹಲಿ, ಆಗ್ರಾಗಳು ಇವೆ. ಇವುಗಳ ನಡುವೆ ಹರಡಿಕೊಂಡಿರುವ ಗಂಗಾ ಬಯಲಿನ ಸಣ್ಣ ಊರು — ಒಂದು ತಹಸೀಲು ಕಚೇರಿ, ಒಂದು ಬಸ್ ನಿಲ್ದಾಣ, ಒಂದು ಸಂತೆಮಾಳ, ಒಂದು ಇಂಟರ್ ಕಾಲೇಜು, ನಾಲ್ಕು ಗೊಬ್ಬರದ ಅಂಗಡಿ ಇರುವ ಊರು — ಬಹುಮಟ್ಟಿಗೆ ಬಿಳಿಯ ಕಾಗದವಾಗಿ ಉಳಿದಿದೆ. ರೈಲಿನ ಕಿಟಕಿಯಿಂದ ಕಂಡು ಹಿಂದೆ ಸರಿದುಹೋದ ನಿಲ್ದಾಣದ ಹಲಗೆಯಷ್ಟೇ ಅದರ ಪಾಲಿಗೆ ಬಂದ ಸಾಹಿತ್ಯ. ಇದು ಕೇವಲ ಆಕಸ್ಮಿಕವೆ? ಅಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ಪ್ರವಾಸಿಯ ಭೂಪಟವನ್ನು ಮೊದಲು ಬರೆದವನು ಯಾತ್ರಿಕ. ಕನ್ನಡದ ಮನೆಗಳಿಗೆ ಕಾಶಿ ದೂರದ ಊರಲ್ಲ. ಮದುವೆಯ ಮನೆಯಲ್ಲಿ ಮದುಮಗ ಕೊಡೆ ಹಿಡಿದು, ಕೋಲೂರಿ ಕಾಶಿಗೆ ಹೊರಡುತ್ತಾನೆ. ಮಾವನಾಗುವವನು ಬೆಲ್ಲದ ಮಾತಾಡಿ ಹಿಂದಕ್ಕೆ ಕರೆತರುತ್ತಾನೆ. ನಿಜವಾಗಿ ಹೋಗಿಬಂದವರು ಗಂಗೆಯ ತಂಬಿಗೆಯನ್ನೂ ಕಾಶೀದಾರವನ್ನೂ ತಂದು, ನೆಂಟರಿಷ್ಟರನ್ನು ಕರೆದು ಸಮಾರಾಧನೆ ಮಾಡುತ್ತಾರೆ. ಯಾತ್ರಿಕನಿಗೆ ಕಾಶಿ ಗುರಿ. ಗುರಿಗೂ ತನಗೂ ನಡುವಿನ ಊರುಗಳು ಬರಿಯ ದೂರ. ಅವನನ್ನು ದೂರುವಂತಿಲ್ಲ, ಅವನು ಊರು ನೋಡಲು ಹೊರಟವನಲ್ಲ, ಪುಣ್ಯ ಪಡೆಯಲು ಹೊರಟವನು. ಆದರೆ ಯಾತ್ರೆ ಹೋಗಿ ಪ್ರವಾಸ ಬಂದಮೇಲೂ, ಭಕ್ತಿಯ ಜಾಗದಲ್ಲಿ ಕುತೂಹಲ ಕುಳಿತಮೇಲೂ, ನಾವು ಆ ಹಳೆಯ ಪಟವನ್ನೇ ಮಡಚಿ ಜೇಬಿನಲ್ಲಿ ಇಟ್ಟುಕೊಂಡೆವು. ದೇವಾಲಯದ ಜೊತೆಗೆ ತಾಜಮಹಲನ್ನು ಸೇರಿಸಿಕೊಂಡದ್ದೇ ನಾವು ಮಾಡಿದ ತಿದ್ದುಪಡಿ. ನಮ್ಮ ಬಹುಪಾಲು ಉತ್ತರಭಾರತ ಕಥನಗಳು ವೇಷ ಬದಲಿಸಿದ ಕಾಶೀಯಾತ್ರೆಗಳು.

ಈ ಮಾತನ್ನು ಒಂದು ಊರಿನ ಮೇಲೆ ಒರೆಹಚ್ಚಿ ನೋಡೋಣ. ಕಾಶಿಯಿಂದ ಉತ್ತರಕ್ಕೆ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರು ಹೋದರೆ, ಗೋರಖಪುರದ ಪಶ್ಚಿಮಕ್ಕೆ, ಆಮಿ ಎಂಬ ಸಣ್ಣ ನದಿಯ ದಡದಲ್ಲಿ ಮಗಹರವಿದೆ. ಕಬೀರ ದೇಹ ಬಿಟ್ಟ ಊರು. 1997ರಲ್ಲಿ ಆ ಸೀಮೆಯನ್ನು ಬೇರೆ ಜಿಲ್ಲೆಯಾಗಿ ಮಾಡಿದಾಗ ಸಂತ ಕಬೀರ ನಗರವೆಂದು ಹೆಸರಿಟ್ಟರು. ಜಿಲ್ಲೆಯ ಮುಖ್ಯ ಪಟ್ಟಣ ಪಕ್ಕದ ಖಲೀಲಾಬಾದ್. ಕಾಶಿಯಲ್ಲಿ ಸತ್ತರೆ ಮುಕ್ತಿ, ಮಗಹರದಲ್ಲಿ ಸತ್ತರೆ ಕತ್ತೆಯಾಗಿ ಹುಟ್ಟಬೇಕು ಎಂದು ಜನ ನಂಬಿದ್ದ ಕಾಲದಲ್ಲಿ, ಬಾಳೆಲ್ಲ ಕಾಶಿಯಲ್ಲಿ ನೇಯ್ದ ಕಬೀರ ಸಾಯಲು ಮಾತ್ರ ಮಗಹರಕ್ಕೆ ಬಂದನೆಂದು ಪರಂಪರೆ ಹೇಳುತ್ತದೆ. ಸಂಪ್ರದಾಯ ಹೇಳುವ ವರ್ಷ 1518. ಲೋಕವೆಲ್ಲ ಯಾವ ದಿಕ್ಕಿಗೆ ಯಾತ್ರೆ ಹೋಗುತ್ತಿತ್ತೊ ಅದಕ್ಕೆ ಬೆನ್ನುಮಾಡಿ ನಡೆದ ಯಾತ್ರೆ ಅದು. ಪ್ರವಾಸ ಸಾಹಿತ್ಯಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಆದರೂ ಕಾಶಿಯ ಮಣಿಕರ್ಣಿಕೆಯನ್ನು ವರ್ಣಿಸಿದ ಕನ್ನಡ ಪುಟಗಳನ್ನು ಒಟ್ಟುಮಾಡಿದರೆ ಒಂದು ಸಂಪುಟವಾದೀತು. ಮಗಹರದ ಮೇಲೆ ಬರೆದ ಪುಟಗಳನ್ನು ನಾನು ಓದಿದಮಟ್ಟಿಗೆ ಬೆರಳಲ್ಲಿ ಎಣಿಸಬಹುದು.

ಕಬೀರ ನಮಗೆ ಬೇಡವಾದವನೆಂದಲ್ಲ. ಅವನ ಪದಗಳನ್ನು ಹಾಡುವವರನ್ನು ಹುಡುಕಿಕೊಂಡು ಊರೂರು ಅಲೆದು ಶಬನಮ್ ವಿರ್ಮಾನಿಯವರು ಚಿತ್ರಗಳನ್ನು ತೆಗೆದದ್ದು ಬೆಂಗಳೂರಿನಲ್ಲಿ ನೆಲೆ ಮಾಡಿಕೊಂಡೇ. ಭೀಷ್ಮ ಸಾಹನಿಯವರ ನಾಟಕ 2016ರಲ್ಲಿ ‘ಸಂತೆಯಲ್ಲಿ ನಿಂತ ಕಬೀರ’ ಎಂಬ ಕನ್ನಡ ಚಲನಚಿತ್ರವಾಗಿ ನಮ್ಮ ಪೇಟೆಯ ಟಾಕೀಸುಗಳವರೆಗೂ ಬಂದಿತು. ವಚನಕಾರರ ಜೊತೆಗಿಟ್ಟು ಅವನನ್ನು ಪಾಠ ಹೇಳುವುದು ನಮ್ಮ ಕಾಲೇಜುಗಳಲ್ಲಿ ವಾಡಿಕೆ. ಪದ ಬಂದಿದೆ, ಚಿತ್ರ ಬಂದಿದೆ, ಪಾಠ ಬಂದಿದೆ. ಊರು ಮಾತ್ರ ಬಂದಿಲ್ಲ.

ಮಗಹರಕ್ಕೆ ಹೋಗುವ ಪ್ರವಾಸಿ ಸಾಮಾನ್ಯವಾಗಿ ಎರಡು ಗಂಟೆ ಇರುತ್ತಾನೆ. ಒಂದೇ ಆವರಣದಲ್ಲಿ ಹಿಂದೂಗಳು ಪೂಜಿಸುವ ಸಮಾಧಿ, ಮುಸಲ್ಮಾನರು ನಡೆದುಕೊಳ್ಳುವ ಮಜಾರು — ಎರಡನ್ನೂ ನೋಡುತ್ತಾನೆ. ‘ಇದು ಭಾವೈಕ್ಯದ ಸಂಕೇತ’ ಎಂದು ಬರೆದುಕೊಂಡು ಬಸ್ಸು ಹತ್ತುತ್ತಾನೆ. ಇಂಥ ವಾಕ್ಯದ ಮೇಲೆಯೇ ವಿಮರ್ಶಕ ಕೈಯಿಡಬೇಕು. ಅಲ್ಲಿ ಹೇಳುವ ಕಥೆಯಾದರೂ ಏನು? ಕಬೀರ ತೀರಿಕೊಂಡಾಗ ಸುಡಬೇಕೊ ಹೂಳಬೇಕೊ ಎಂದು ಶಿಷ್ಯರೊಳಗೆ ಜಗಳ ಹತ್ತಿತು; ಹೊದಿಕೆ ತೆಗೆದು ನೋಡಿದರೆ ದೇಹದ ಬದಲು ಹೂವಿನ ರಾಶಿ ಇತ್ತು; ಹೂವನ್ನು ಪಾಲುಮಾಡಿಕೊಂಡು ಒಬ್ಬರು ಸುಟ್ಟರು, ಒಬ್ಬರು ಹೂಳಿದರು. ಕಥೆ ಹೇಳುತ್ತಿರುವುದು ಐಕ್ಯವನ್ನಲ್ಲ, ಪಾಲನ್ನು. ಗುರು ಹೇಳಿದ್ದನ್ನು ಕೇಳದೆ ಹೋದ ಎರಡು ಗುಂಪುಗಳಿಗೆ ಜಗಳವಾಡಲು ದೇಹವೂ ಸಿಗದಂತೆ ಮಾಡಿದ ಕಟುವಾದ ಹಾಸ್ಯ ಅದರೊಳಗೆ ಇದೆ. ಎರಡು ಕಟ್ಟಡಗಳು ಅಕ್ಕಪಕ್ಕದಲ್ಲಿ ನಿಂತಿರುವುದು ಸಮಾಧಾನದ ವಿಷಯವೂ ಹೌದು, ಸಂಕಟದ ವಿಷಯವೂ ಹೌದು. ಇವೆರಡನ್ನೂ ಒಟ್ಟಿಗೆ ಹಿಡಿಯುವುದು ಸಾಹಿತ್ಯದ ಕೆಲಸ. ಸಂಕೇತ ಕಂಡ ಕೂಡಲೇ ಊರು ಮರೆಯಾಗುತ್ತದೆ. ಊರನ್ನು ಕಾಣುವ ಶ್ರಮ ತಪ್ಪಿತೆಂದು ಪ್ರವಾಸಿಗೂ ಹಗುರವಾಗುತ್ತದೆ.

ಸೋಜಿಗವೆಂದರೆ, ಈ ಊರನ್ನು ಅರಿಯಲು ಬೇಕಾದ ಬುತ್ತಿ ಕನ್ನಡಿಗನ ಹೆಗಲ ಚೀಲದಲ್ಲೇ ಇದೆ. ನಮ್ಮ ಮೈಸೂರು ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿಯ ಕಾವ್ಯದಲ್ಲಿ ಆಗುವುದೇನು? ಪರಂಜ್ಯೋತಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುತ್ತಾನೆ; ಅಲ್ಲಿಯ ಜಂಗಮರ ಒಡಲು ತೋರಿಸಿ, ಆ ದೊಡ್ಡ ಪಟ್ಟಣವನ್ನು ಬಿಟ್ಟು ತೆಂಕಲಿಗೆ ನಡೆದು, ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರದಲ್ಲಿ ನೆಲೆಯಾಗುತ್ತಾನೆ. ಪುಣ್ಯದ ಪಟ್ಟಣಕ್ಕೆ ಬೆನ್ನುಮಾಡಿ ಸಣ್ಣ ಊರಿಗೆ ಬಂದ ಗುರುವಿನ ಕಥೆ ನಮ್ಮ ಜನಕ್ಕೆ ರಾತ್ರಿಯೆಲ್ಲ ಕೇಳಿ ಗೊತ್ತು. ಗೋರಖಪುರದ ಹೆಸರಿನಲ್ಲಿರುವ ಗೋರಖನೂ ನಮಗೆ ಹೊಸಬನಲ್ಲ; ಶೂನ್ಯಸಂಪಾದನೆಯಲ್ಲಿ ಅಲ್ಲಮನೆದುರು ನಿಂತ ಗೋರಕ್ಷ ಅವನೇ. ಶಿಶುನಾಳದಲ್ಲಿ ಶರೀಫರ ಗದ್ದುಗೆಗೆ ಎರಡೂ ಮತದವರು ನಡೆದುಕೊಳ್ಳುವುದನ್ನು ಕಂಡವನಿಗೆ ಮಗಹರದ ಆವರಣ ಅಪರಿಚಿತವಾಗಬೇಕಾಗಿಲ್ಲ. ಶಿಶುನಾಳದಲ್ಲಿ ಒಂದೇ ಗದ್ದುಗೆ, ಇಲ್ಲಿ ಎರಡು ಕಟ್ಟಡ, ಏಕೆ ಎಂಬ ಪ್ರಶ್ನೆಯೊಂದಿಗೆ ಅವನು ಒಳಗೆ ಕಾಲಿಡಬಹುದು. ಕಲ್ಯಾಣದಿಂದ ಹೊರಟುಬಂದವನ ಹಾಡು ಕೇಳಿ ಬೆಳೆದವರು ಉತ್ತರಕ್ಕೆ ಹೋದಾಗ ಮಾತ್ರ ಕಾಶಿಯಲ್ಲೇ ನಿಂತುಬಿಡುತ್ತೇವೆ. ಓದಿದ ವರ್ಗದ ಪಟ ಕೇಳಿದ ವರ್ಗದ ಪಟವನ್ನು ಮುಚ್ಚಿಹಾಕಿತೆಂದು ತೋರುತ್ತದೆ.

ಇನ್ನು ಭಾಷೆಯ ಮಾತು. ‘ಹಿಂದಿಯವರು’ ಎಂಬ ಒಂದು ಪದದಲ್ಲಿ ನಾವು ಇಡೀ ಉತ್ತರವನ್ನು ಕಟ್ಟಿ ಮೂಲೆಗಿಡುತ್ತೇವೆ. ಹಿಂದಿಯನ್ನು ಹೇರುವ ಸರಕಾರದ ಮೇಲೆ ನಮಗೆ ಸಿಟ್ಟಿರುವುದು ನ್ಯಾಯವೇ. ಆದರೆ ಮಗಹರದ ಬೀದಿಯ ಮಾತು ಭೋಜಪುರಿ. ಕನ್ನಡ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿದೆ. 2008ರಲ್ಲಿ ಶಾಸ್ತ್ರೀಯ ಭಾಷೆಯೂ ಆಯಿತು. ಕೋಟ್ಯಂತರ ಜನ ಆಡುವ ಭೋಜಪುರಿಗೆ ಆ ಅನುಸೂಚಿಯಲ್ಲಿ ಇಂದಿಗೂ ಜಾಗವಿಲ್ಲ. ಶಾಲೆಯಲ್ಲಿ, ಕಚೇರಿಯಲ್ಲಿ ಅದರ ಮೇಲೆ ಹಿಂದಿ ಕುಳಿತಿದೆ. ಹಿಂದಿಯ ಭಾರವನ್ನು ನಮಗಿಂತ ಮೊದಲೇ ಹೊತ್ತವನು ಆ ಸಣ್ಣ ಊರಿನವನು. ಇದನ್ನು ಒಬ್ಬ ಕನ್ನಡ ಪ್ರವಾಸಿ ಅಲ್ಲಿ ಒಂದು ರಾತ್ರಿ ತಂಗಿ, ಎರಡು ಮನೆಯ ಮಾತು ಕೇಳಿ ಬರೆದಿದ್ದರೆ ನಮ್ಮ ಭಾಷೆಯ ವಾದವೇ ಇನ್ನಷ್ಟು ಗಟ್ಟಿಯಾಗುತ್ತಿತ್ತು. 1980ರ ದಶಕದಲ್ಲಿ ಆಶಿಶ್ ಬೋಸ್ ಎಂಬ ಜನಸಂಖ್ಯಾಶಾಸ್ತ್ರಜ್ಞರು ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಮೊದಲಕ್ಷರ ಕೂಡಿಸಿ ‘ಬಿಮಾರು’ ಎಂದರು. ಹಿಂದಿಯಲ್ಲಿ ‘ಬೀಮಾರ್’ ಎಂದರೆ ಕಾಯಿಲೆಯವನು. ಅಂಕಿಸಂಖ್ಯೆಯ ಕೆಲಸಕ್ಕೆ ಹುಟ್ಟಿದ ಪದ ನಮ್ಮಲ್ಲಿ ಕಣ್ಣಿಗೆ ಹಾಕುವ ಕನ್ನಡಕವಾಗಿಬಿಟ್ಟಿತು.

ಆ ಕನ್ನಡಕ ತೆಗೆದರೆ ಕಾಣುವುದು ಬೇರೆ. ನಮ್ಮ ತಾಲ್ಲೂಕುಗಳಲ್ಲಿ ಮುಖ್ಯ ಊರಿನ ಹೋಬಳಿಗೆ ‘ಕಸಬಾ ಹೋಬಳಿ’ ಎಂದು ಹೆಸರು. ಹೆಗ್ಗಡದೇವನಕೋಟೆಗೂ ಅದೇ, ಹುಣಸೂರಿಗೂ ಅದೇ. ಉತ್ತರದಲ್ಲಿ ಸಣ್ಣ ಪಟ್ಟಣಕ್ಕೆ ಜನ ಅನ್ನುವುದೂ ‘ಕಸಬಾ’ ಎಂದೇ. ತಹಸೀಲ್ದಾರ, ಕಚೇರಿ, ಅರ್ಜಿ, ಜಮೀನು, ವಸೂಲಿ, ನಕಲು, ರಸೀದಿ, ದಲ್ಲಾಳಿ — ಸಣ್ಣ ಊರಿನ ರೈತನನ್ನು ಬೆಳಗಿನಿಂದ ಸಂಜೆಯವರೆಗೆ ಕಾಯಿಸುವ ಪದಗಳೆಲ್ಲ ಎರಡೂ ಕಡೆ ಒಂದೇ. ಅಲ್ಲಿಯ ದೇವರ ಹೆಸರು, ಊಟದ ರುಚಿ, ಮಾತಿನ ಧಾಟಿ ಬೇರೆಯಿರಬಹುದು. ಪಹಣಿಗಾಗಿ ಕಾದು ಕುಳಿತವನ ಮುಖ ಬೇರೆಯಲ್ಲ. ಕಾಶಿಯಲ್ಲಿ ಕನ್ನಡಿಗ ಯಾತ್ರಿಕ, ಆಗ್ರಾದಲ್ಲಿ ಪ್ರೇಕ್ಷಕ. ಕಸಬಾದಲ್ಲಿ ಮಾತ್ರ ಅವನು ನೆರೆಯವನಾಗಬಲ್ಲ.

ನಾನು ಕೆಲವು ವರ್ಷಗಳ ಹಿಂದೆ ಮಗಹರಕ್ಕೆ ಹೋಗಿದ್ದಾಗ ರಸ್ತೆಯ ಬದಿಯ ಚಹಾದಂಗಡಿಯವನು ಮಣ್ಣಿನ ಕುಡಿಕೆಯನ್ನು ಕೈಗಿಡುತ್ತ ಯಾವ ಊರೆಂದು ಕೇಳಿದ. ಮೈಸೂರಿನ ಕಡೆ ಎಂದೆ. ‘ಬೆಂಗಳೂರಿನ ಆಚೆಗೆ’ ಎಂದು ಅವನೇ ತಿದ್ದಿ ಹೇಳಿದ. ಅವನ ಅಕ್ಕನ ಮಗ ಬೆಂಗಳೂರಿನಲ್ಲಿ ನೆಲಕ್ಕೆ ಕಲ್ಲು ಕೂರಿಸುವ ಕೆಲಸಕ್ಕೆ ಇದ್ದನಂತೆ. ನಮ್ಮ ಮಳೆಗಾಲ ಯಾವಾಗ, ಮನೆ ಬಾಡಿಗೆ ಎಷ್ಟು, ಅನ್ನಕ್ಕೆ ಹುಳಿ ಏಕೆ ಅಷ್ಟು ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಅವನ ಊರಿನ ಬಗ್ಗೆ ಅಷ್ಟು ಬಲ್ಲ ಅಂಗಡಿಯವನು ನಮ್ಮಲ್ಲಿ ಎಷ್ಟು ಜನ ಸಿಕ್ಕಾರು? ಗೋರಖಪುರಕ್ಕೂ ಯಶವಂತಪುರಕ್ಕೂ ನಡುವೆ ಓಡುವ ರೈಲಿನಲ್ಲಿ ಎರಡು ದಿನ ಕುಳಿತವನಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಉತ್ತರದ ಸಣ್ಣ ಊರು ನಮ್ಮನ್ನು ನೋಡಲು ಎಂದೋ ಹೊರಟುಬಂದಿದೆ, ಬರೆಯಲು ಅದಕ್ಕೆ ಪುರುಸೊತ್ತಿಲ್ಲ, ಅಷ್ಟೇ.

ನಮ್ಮ ನೆರೆಯಲ್ಲೇ ಇನ್ನೂ ಹಳೆಯ ಉದಾಹರಣೆಗಳಿವೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ಮನೆಯಲ್ಲಿ ಆಡುವ ವಾಗ್ರಿ ಮಾತು ಗುಜರಾತಿಯ ನೆಂಟ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಮೊದಲಲ್ಲಿ ಮೈಸೂರು ಸರಕಾರ ಕೊಟ್ಟ ಜಮೀನಿನಲ್ಲಿ ಟಿಬೆಟ್ಟಿನವರು ಕಾಡು ಸವರಿ ಊರು ಕಟ್ಟಿದರು. ಉತ್ತರ ನಮ್ಮ ಹಿತ್ತಲಿಗೆ ಬಂದು ಕುಳಿತಾಗಲೂ ನಾವು ನೋಡಿದ್ದು ಚಿನ್ನದ ಬಣ್ಣದ ಬುದ್ಧನ ವಿಗ್ರಹವನ್ನು ಮಾತ್ರ.

ಹಾಗಾದರೆ ನಮ್ಮಲ್ಲಿ ಬೇರೆ ದಾರಿ ತುಳಿದವರೇ ಇಲ್ಲವೆ? ಇದ್ದಾರೆ. ಹೊನ್ನಾವರದ ಕೃಷ್ಣಾನಂದ ಕಾಮತರ ‘ಬಸ್ತರ ಪ್ರವಾಸ’, ‘ಮಧ್ಯಪ್ರದೇಶದ ಮಡಿಲಲ್ಲಿ’ ಎಂಬ ಹೆಸರುಗಳೇ ಅವರು ಯಾತ್ರಿಕರ ಪಟವನ್ನು ಬದಿಗಿಟ್ಟರೆಂದು ಸಾರುತ್ತವೆ. ವಿಜ್ಞಾನಿಯ ಕಣ್ಣು, ಚಿತ್ರಗಾರನ ಕೈ, ಅವಸರವಿಲ್ಲದ ಕಾಲು — ಮೂರೂ ಅವರಲ್ಲಿ ಕೂಡಿದ್ದವು. 2002ರಲ್ಲಿ ಅವರು ತೀರಿಕೊಂಡಮೇಲೆ ಆ ದಾರಿಯಲ್ಲಿ ಹುಲ್ಲು ಬೆಳೆಯಿತೆನ್ನದಿದ್ದರೂ ನಡೆದಾಡುವವರು ಕಡಿಮೆಯಾದರು. ಗೊರೂರರು ಅಮೆರಿಕವನ್ನು ನೋಡಿದ್ದು ಹೇಮಾವತಿಯ ದಡದ ಹಳ್ಳಿಯ ಕಣ್ಣಿನಿಂದ. ದೊಡ್ಡ ದೇಶವನ್ನು ಸಣ್ಣ ಊರಿನ ಅಳತೆಯಲ್ಲಿ ಅಳೆದ ಆ ಧೈರ್ಯ ನಮ್ಮ ಸೊತ್ತು. ಅದೇ ಅಳತೆಯ ಕೋಲನ್ನು ಇನ್ನೊಂದು ಸಣ್ಣ ಊರಿಗೆ ಹಿಡಿಯಲು ನಾವು ಹಿಂಜರಿದದ್ದೇ ಆಶ್ಚರ್ಯ.

ಹಿಂದಿಯವರು ತಮ್ಮ ಸಣ್ಣ ಊರನ್ನು ಸುಮ್ಮನೆ ಬಿಟ್ಟಿಲ್ಲ. ಫಣೀಶ್ವರನಾಥ ರೇಣು ಅವರ ‘ಮೈಲಾ ಆಂಚಲ್’ (1954) ಪೂರ್ಣಿಯಾ ಸೀಮೆಯ ಹಳ್ಳಿಗೆ ಹೊರಗಿನಿಂದ ಬಂದ ಒಬ್ಬ ಡಾಕ್ಟರನ ಜೊತೆಗೆ ಬೆಳೆಯುತ್ತದೆ. ಶ್ರೀಲಾಲ ಶುಕ್ಲರ ‘ರಾಗ್ ದರ್ಬಾರಿ’ಯಲ್ಲಿ (1968) ಪಟ್ಟಣದ ವಿದ್ಯಾವಂತ ರಂಗನಾಥ ಆರೋಗ್ಯ ಸುಧಾರಿಸಿಕೊಳ್ಳಲು ಶಿವಪಾಲಗಂಜಿಗೆ ಬರುತ್ತಾನೆ. ಎರಡರಲ್ಲೂ ಊರನ್ನು ನೋಡುವವನು ಹೊರಗಿನವನೇ. ಆದರೆ ಅವನು ನೋಡಿದಷ್ಟೇ ಊರೂ ಅವನನ್ನು ನೋಡುತ್ತದೆ; ಅವನ ಪುಸ್ತಕದ ವಿದ್ಯೆಯನ್ನು ತೂಗಿ ಬೆಲೆ ಕಟ್ಟುತ್ತದೆ. ಇಂಗ್ಲಿಷಿನಲ್ಲಿ ಪಂಕಜ್ ಮಿಶ್ರಾ ಅವರು 1995ರಲ್ಲಿ ಭಾರತದ ಸಣ್ಣ ಪಟ್ಟಣಗಳನ್ನೇ ಸುತ್ತಿ ಒಂದು ಪ್ರವಾಸ ಕಥನ ಬರೆದರು. ಅದರಲ್ಲಿ ಚುರುಕಿದೆ, ಅಸಹನೆಯೂ ಇದೆ. ರೇಣುವಿನ ಮಮತೆ, ಶುಕ್ಲರ ಚಾಟಿ, ಮಿಶ್ರಾರ ಅಸಹನೆ — ಯಾವುದಾದರೂ ಇರಲಿ; ನಮ್ಮ ಕಥನಗಳಲ್ಲಿ ಇವು ಯಾವುವೂ ಇಲ್ಲದೆ ಬರಿಯ ದಾಟುವಿಕೆ ಇದೆ ಎಂಬುದು ನನ್ನ ದೂರು.

ಇದಕ್ಕೆ ಒಂದು ಆಕ್ಷೇಪ ಬರಬಹುದು: ಸಣ್ಣ ಊರಿನಲ್ಲಿ ನೋಡುವುದಕ್ಕೇನಿದೆ? ಸಾವಿರಾರು ಮೈಲಿ ಹೋದವನು ಧೂಳು, ಎಮ್ಮೆ, ವಿದ್ಯುತ್ ಕಂಬಗಳನ್ನು ಬರೆದರೆ ಓದುವವರಾರು? ಈ ಆಕ್ಷೇಪಕ್ಕೆ ಉತ್ತರ ಕೊಡಲು ಉತ್ತರಪ್ರದೇಶದವರೆಗೆ ಹೋಗಬೇಕಾಗಿಲ್ಲ. ನಮ್ಮ ಕೋಟೆಯೇ ಸಾಕು.

ಹೆಗ್ಗಡದೇವನಕೋಟೆಯನ್ನು ಹೊರಗಿನವರು ಬರೆಯುತ್ತ ಬಂದು ಇನ್ನೂರು ವರ್ಷಕ್ಕೆ ಮಿಕ್ಕಿತು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿಯ ಅಪ್ಪಣೆಯ ಮೇಲೆ ಫ್ರಾನ್ಸಿಸ್ ಬುಕಾನನ್ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಮೂಲಕ ಹಾದುಹೋದ. ಅವನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಅವನು ಬಂದದ್ದು ಹೊಸ ಒಡೆಯರಿಗೆ ಲೆಕ್ಕ ಒಪ್ಪಿಸಲು. ಆದರೂ ಕೂತು, ಕೇಳಿ, ಬರೆದುಕೊಂಡ; ಬೆಳೆ ಯಾವುದು, ಜನ ಯಾರು, ಕಾಡಿನಲ್ಲಿ ಏನಿದೆ ಎಂದು ವಿಚಾರಿಸಿದ. 1878ರಲ್ಲಿ ಸ್ಯಾಂಡರ್ಸನ್ ಎಂಬ ಮೈಸೂರಿನ ಅಧಿಕಾರಿಯ ಪುಸ್ತಕ ಬಂದಾಗ ಈ ಸೀಮೆಯೆಂದರೆ ಕಾಡುಮೃಗಗಳೆಂದಾಯಿತು. ಕಾಕನಕೋಟೆಯ ಖೆಡ್ಡಾ ನೋಡಲು ದೇಶವಿದೇಶದ ಅತಿಥಿಗಳು ಬಂದರು. 1971ರ ಖೆಡ್ಡಾ ಕೊನೆಯದು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಆ ಜಾಗವನ್ನೂ ಎಷ್ಟೋ ಹಳ್ಳಿಗಳನ್ನೂ ನೀರು ಮುಚ್ಚಿತು. ಈಗ ಆ ಹಿನ್ನೀರಿನ ದಡದಲ್ಲಿ ಸಫಾರಿಯ ಅತಿಥಿಗೃಹಗಳಿವೆ. ಅಲ್ಲಿ ತಂಗಿ ಹೋದವರು ಬರೆಯುವ ಲೇಖನಗಳಲ್ಲಿ ಹುಲಿಯಿದೆ, ಕರಿಚಿರತೆಯಿದೆ, ಸೂರ್ಯಾಸ್ತವಿದೆ. ಕೋಟೆ ಎಂಬ ಊರಿಲ್ಲ. ಕಾಡಿನಿಂದ ಹೊರಕ್ಕೆ ಬಂದ ಜೇನುಕುರುಬರ ಹಾಡಿಯಿಲ್ಲ, ನಮ್ಮ ಸಂತೆಯಿಲ್ಲ, ಬಸ್ಸು ತಪ್ಪಿದರೆ ತರಗತಿ ತಪ್ಪುವ ಮಕ್ಕಳಿಲ್ಲ. ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ಈ ಕಾಡಿನ ಜನಕ್ಕೆ ಮಾತು ಕೊಟ್ಟರೆಂದು ನಾವು ಹೆಮ್ಮೆಪಡುತ್ತೇವೆ, 1977ರಲ್ಲಿ ಸಿ. ಆರ್. ಸಿಂಹ ಅದನ್ನು ಚಲನಚಿತ್ರ ಮಾಡಿದರು. ಆದರೆ ಉತ್ತರದಿಂದ ಬಂದ ಪ್ರವಾಸಿ ನಮ್ಮನ್ನು ಹುಲಿಯ ಹಿನ್ನೆಲೆಯಾಗಿ ನೋಡಿದರೆ ನಮಗೆ ನೋವಾಗುತ್ತದೆ. ಆ ನೋವು ನ್ಯಾಯವಾದುದಾದರೆ, ಮಗಹರವನ್ನು ಕಾಶಿಯ ಹಿನ್ನೆಲೆಯಾಗಿ ನೋಡಿದ ನಮ್ಮ ಕಥನಕ್ಕೂ ಅದೇ ನ್ಯಾಯ ಸಲ್ಲಬೇಕು.

ಪ್ರವಾಸ ಕಥನವನ್ನು ಓದುವಾಗ ನನ್ನ ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ ಕೇಳಿಕೊಳ್ಳಿರೆಂದು ಹೇಳುತ್ತೇನೆ. ಲೇಖಕ ಆ ಊರಿನಲ್ಲಿ ಒಂದು ರಾತ್ರಿಯಾದರೂ ತಂಗಿದನೆ? ಮಾರ್ಗದರ್ಶಿ, ಪೂಜಾರಿ, ಗಾಡಿಯವನು ಇವರನ್ನು ಬಿಟ್ಟು ಇನ್ನೊಬ್ಬರೊಡನೆ ಮಾತಾಡಿದನೆ? ಆ ಊರಿನವರು ಈ ಪುಸ್ತಕ ಓದಿದರೆ ‘ಹೌದು, ಇದು ನಮ್ಮ ಊರು’ ಎಂದಾರೆ? ಮೊದಲ ಎರಡಕ್ಕೆ ಹೌದೆಂದು ಉತ್ತರ ಬರುವ ಪುಸ್ತಕಗಳು ಕೆಲವಿವೆ. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ನಮ್ಮ ವಿಮರ್ಶಕರಲ್ಲ, ಮಗಹರದವರು. ಅವರಿಗೆ ನಮ್ಮ ಪುಸ್ತಕ ತಲಪುವುದಿಲ್ಲವೆಂಬ ಧೈರ್ಯದ ಮೇಲೆಯೇ ನಮ್ಮ ಎಷ್ಟೋ ವರ್ಣನೆಗಳು ನಿಂತಿವೆ.

ಮೈಸೂರಿನಿಂದ ಕಾಶಿಗೆ ಇಂದು ನೇರ ರೈಲಿದೆ. ಕಾಶಿಯಿಂದ ಮಗಹರಕ್ಕೆ ಒಂದು ಹಗಲು ಸಾಕು. ದಾರಿಯ ಕಷ್ಟ ಉಳಿದಿಲ್ಲ. ನಮ್ಮ ತರುಣ ಲೇಖಕರಲ್ಲಿ ಯಾರಾದರೂ ಗಂಗೆಯ ತಂಬಿಗೆಯನ್ನು ಕಾಶಿಯಲ್ಲೇ ಬಿಟ್ಟು, ಮಂಟೇಸ್ವಾಮಿಯ ಹಾಡನ್ನು ಮಾತ್ರ ಜೊತೆಗೆ ಕಟ್ಟಿಕೊಂಡು, ಆಮಿ ನದಿಯ ದಡದ ಆ ಕಸಬಾದಲ್ಲಿ ಒಂದು ತಿಂಗಳು ಇದ್ದು ಬಂದು ಬರೆದರೆ, ಕನ್ನಡದ ಭೂಪಟದಲ್ಲಿ ಒಂದು ಊರು ಹೆಚ್ಚಾಗುವುದಷ್ಟೇ ಅಲ್ಲ; ಸಣ್ಣ ಊರನ್ನು ನೋಡುವ ಬಗೆಯನ್ನು ನಾವು ಕಲಿತಂತಾಗುತ್ತದೆ. ಆ ಬಗೆ ಒಮ್ಮೆ ಕಣ್ಣಿಗೆ ಬಂದರೆ ಹೆಗ್ಗಡದೇವನಕೋಟೆಯೂ ಕಂಡೀತು.